ಅಪ್ಪನ ಪಾತ್ರ: ಪೋಷಕ ನಟ ಗಿರೀಶ ಕಾರ್ನಾಡ



ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಹಿರಿಯರು ತಮ್ಮ ಹೆಸರನ್ನು ಎಲ್ಲೂ ಹೇಳಬೇಡಿ ಎಂದಿದ್ದಾರೆ. ವರ್ಷಕ್ಕೊಮ್ಮೆ ಹೊಸೂರಿನಲ್ಲಿ ಕನ್ನಡದ ಒಬ್ಬ ಕಲಾವಿದರ ಬಗ್ಗೆ ಕನ್ನಡದಲ್ಲಿ ಮಾತು ನಡೆಯಬೇಕು, ಅಷ್ಟೇ ಅವರ ಅಪೇಕ್ಷೆ. ಆಹ್ವಾನ ಪತ್ರಿಕೆಯಲ್ಲಿ ಗಿರೀಶ ಕಾರ್ನಾಡರ ಹೆಸರು ನೋಡಿ ‘ತುಘಲಕ್’, ‘ಹಯವದನ’, ‘ನಾಗಮಂಡಲ’ಗಳ ಮಾತು ಕೇಳಲು ಬಂದವರು ಇಲ್ಲಿರಬಹುದು. ಆ ನಾಟಕಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಇನ್ನೂ ಬರೆಯುತ್ತಾರೆ. ನಾನು ಹೇಳಹೊರಟಿರುವುದು ಆ ನಾಟಕಕಾರನ ನೆರಳಿನಲ್ಲೇ ಉಳಿದುಹೋದ ಇನ್ನೊಬ್ಬ ಕಾರ್ನಾಡರ ವಿಷಯ. ಬೇರೆಯವರ ಕಥೆಯಲ್ಲಿ ಅಪ್ಪನಾಗಿ, ಗುರುವಾಗಿ, ರಾಜ್ಯಪಾಲನಾಗಿ, ಕೊನೆಕೊನೆಗೆ ಅಜ್ಜನಾಗಿ ಬಂದು, ತನ್ನ ಪಾಲಿನ ನಾಲ್ಕು ಮಾತು ಆಡಿ, ಬದಿಗೆ ಸರಿದು ನಿಂತ ಪೋಷಕ ನಟನ ವಿಷಯ.

ಜ್ಞಾನಪೀಠ ಬಂದ ಲೇಖಕ ಸಂಸಾರ ತೂಗಿಸಲು ಸಿನಿಮಾದಲ್ಲಿ ಮಾಡಿದ ಕೆಲಸ ಎಂದು ಅದನ್ನು ಬದಿಗಿಡುವವರಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ಬರೆಯುವಾಗ ಅಪ್ಪಂದಿರನ್ನು ಅಷ್ಟು ನಿಷ್ಠುರವಾಗಿ ಕಂಡ ಮನುಷ್ಯ, ಕ್ಯಾಮೆರಾದ ಎದುರು ದಶಕಗಟ್ಟಲೆ ಅಪ್ಪನಾಗಿಯೇ ನಿಂತರು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದರಿಂದ ಇನ್ನೊಂದಕ್ಕೆ ಬೆಳಕು ಬೀಳುತ್ತದೆ ಎಂಬುದು ನನ್ನ ನಂಬಿಕೆ.

ಮೊದಲು ಆ ನಿಷ್ಠುರದ ಮಾತು. ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿನಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಕಾರ್ನಾಡರು ಬರೆದ ಮೊದಲ ನಾಟಕ ‘ಯಯಾತಿ’. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು. ಮುಪ್ಪಿನ ಶಾಪ ತಗುಲಿದ ಅಪ್ಪ ಮಗನ ಯೌವನ ಕೇಳುತ್ತಾನೆ, ಮಗ ಪುರು ಕೊಡುತ್ತಾನೆ. ವಿದೇಶಕ್ಕೆ ಹೊರಟ ಮಗನ ಮೇಲೆ ಮನೆಯವರು ಹೊರಿಸಿದ ನಿರೀಕ್ಷೆಗಳ ಭಾರದಿಂದ ಆ ನಾಟಕ ಹುಟ್ಟಿತೆಂದು ಅವರೇ ಹೇಳಿಕೊಂಡಿದ್ದಾರೆ. ‘ತುಘಲಕ್’ನಲ್ಲಿ ಸುಲ್ತಾನನ ಬೆನ್ನು ಬಿಡದ ಗುಸುಗುಸು ಅಪ್ಪನ ಕೊಲೆಯದು. ‘ಅಗ್ನಿ ಮತ್ತು ಮಳೆ’ಯಲ್ಲಿ ಪರಾವಸು ಅಪ್ಪ ರೈಭ್ಯನನ್ನೇ ಕೊಲ್ಲುತ್ತಾನೆ. ಕಾರ್ನಾಡರ ರಂಗದ ಮೇಲೆ ಅಪ್ಪನಾಗಿರುವುದು ಸುಖದ ಸಂಗತಿಯೇ ಅಲ್ಲ.

ಈಗ ರೇಡಿಯೊಕ್ಕೆ ಬರುತ್ತೇನೆ. ನಮ್ಮ ಸೀಮೆಯವರಿಗೆ ಎಲ್ಲವೂ ಶುರುವಾದದ್ದು ಅಲ್ಲಿಂದಲೇ.

ಹೊಸೂರು ಸೀಮೆಯ ತಳಿ ಕಡೆಯ ನಮ್ಮ ಮನೆಯಲ್ಲಿ ರಾಗಿ ಕಣಜದ ಪಕ್ಕದ ಗೂಡಿನಲ್ಲಿ ಒಂದು ರೇಡಿಯೊ ಇತ್ತು. ಅದರ ಮುಳ್ಳು ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಬಿಟ್ಟು ಆಚೀಚೆ ಕದಲಿದರೆ ಅಪ್ಪ ಸಿಟ್ಟಾಗುತ್ತಿದ್ದರು. 1956ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದಾಗ ಹೊಸೂರು ತಾಲ್ಲೂಕು ಮದರಾಸಿನಲ್ಲೇ ಉಳಿಯಿತು. ಸೇಲಂ ಜಿಲ್ಲೆಯಲ್ಲಿದ್ದೆವು, 1965ರಲ್ಲಿ ಧರ್ಮಪುರಿ ಜಿಲ್ಲೆಯವರಾದೆವು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯವರಾದೆವು. ಮನೆ ಇದ್ದಲ್ಲೇ ಇತ್ತು, ಮೂರು ಜಿಲ್ಲೆ ಬಂದು ಹೋದವು. ಮೀಡಿಯಂ ವೇವ್ ಮಾತ್ರ ಯಾವ ಗಡಿಯನ್ನೂ ಕೇಳದೆ ನಲವತ್ತು ಕಿಲೋಮೀಟರ್ ದಾಟಿ ಸಂಜೆ ಸಂಜೆ ಬಂದು ಕನ್ನಡ ಮಾತಾಡುತ್ತಿತ್ತು. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಶುರುಮಾಡಿದ ನಿಲಯ 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಬಂದಿತ್ತು. ಅಂದರೆ ನಮ್ಮನ್ನು ಆಚೆಗೆ ಬಿಟ್ಟು ಗೆರೆ ಎಳೆಯುವ ಒಂದು ವರ್ಷ ಮೊದಲು ಆ ದನಿ ನಮ್ಮ ಹತ್ತಿರಕ್ಕೆ ಬಂದು ಕೂತಿತ್ತು. ನಮ್ಮ ಮನೆಯಲ್ಲಿ ಕನ್ನಡ ಉಳಿದದ್ದಕ್ಕೆ ಶಾಲೆಯಷ್ಟೇ ಆ ಗೂಡೂ ಕಾರಣ.

ರೇಡಿಯೊ ನಾಟಕದಲ್ಲಿ ಪೋಷಕ ಪಾತ್ರಕ್ಕೆ ಇರುವ ಕಷ್ಟ ಕೇಳಿದವರಿಗೆ ಗೊತ್ತು. ರಂಗದ ಮೇಲೆ ಸುಮ್ಮನೆ ನಿಂತವನೂ ಕಾಣುತ್ತಾನೆ. ಬಾನುಲಿಯಲ್ಲಿ ಸುಮ್ಮನಾದವನು ಇಲ್ಲವೇ ಇಲ್ಲ. ಒಂದು ಕೆಮ್ಮು, ಒಂದು ‘ಹೂಂ’, ಬಾಗಿಲ ಚಿಲಕದ ಸದ್ದು, ಇಷ್ಟರಲ್ಲೇ ತಾನು ಕೋಣೆಯಲ್ಲಿದ್ದೇನೆ ಎಂದು ಕೇಳುವವನಿಗೆ ನೆನಪು ಮಾಡುತ್ತಲೇ ಇರಬೇಕು. ಕಾರ್ನಾಡರು ಈ ಮಾಧ್ಯಮವನ್ನು ಬರೆಯುವವರಾಗಿ ಚೆನ್ನಾಗಿ ಅರಿತಿದ್ದರು. ‘ಮಾ ನಿಷಾದ’ ಎಂಬ ಏಕಾಂಕವನ್ನು 1960ರ ದಶಕದಲ್ಲಿ ಬಾನುಲಿಗೆಂದೇ ಬರೆದರು. ಆಮೇಲೆ, ಭಾರತದ ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ 1997ರ ಸಂದರ್ಭಕ್ಕಾಗಿ ಬಿಬಿಸಿ ರೇಡಿಯೊ ಅವರಿಂದ ಒಂದು ನಾಟಕ ಕೇಳಿತು. ಅವರು ಆರಿಸಿಕೊಂಡದ್ದು ಟಿಪ್ಪುವಿನ ಕನಸುಗಳನ್ನು. ಅದೇ ಕನ್ನಡದಲ್ಲಿ ‘ಟಿಪ್ಪು ಸುಲ್ತಾನ ಕಂಡ ಕನಸು’.

ಈ ಆಯ್ಕೆಯ ಹಿಂದಿನ ಜಾಣತನ ನೋಡಿ. ಟಿಪ್ಪು ತನ್ನ ಕನಸುಗಳನ್ನು ಪಾರಸಿಯಲ್ಲಿ ಬರೆದಿಡುತ್ತಿದ್ದ. 1799ರಲ್ಲಿ ಅವನು ಸತ್ತ ಮೇಲೆ ಸಿಕ್ಕ ಆ ಪುಸ್ತಕದಲ್ಲಿ 37 ಕನಸುಗಳಿವೆ, ಅದು ಈಗ ಲಂಡನ್ನಿನಲ್ಲಿದೆ. ಕನಸಿಗೆ ರಂಗಸಜ್ಜಿಕೆ ಕಟ್ಟುವುದು ಕಷ್ಟ, ಕಟ್ಟಿದರೆ ಕನಸೇ ಹಾರಿಹೋಗುತ್ತದೆ. ರೇಡಿಯೊದಲ್ಲಿ ಅದಕ್ಕೆ ಏನೂ ಬೇಡ. ಕತ್ತಲೆ ಇದ್ದೇ ಇರುತ್ತದೆ, ದನಿ ಸಾಕು.

ಆ ನಾಟಕದಲ್ಲಿ 1792ರ ಶ್ರೀರಂಗಪಟ್ಟಣದ ಒಪ್ಪಂದ ಬರುತ್ತದೆ. ಟಿಪ್ಪು ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಾರ್ನ್‌ವಾಲಿಸನ ಕೈಗೆ ಒಪ್ಪಿಸುತ್ತಾನೆ. ಈ ಸಭೆಯಲ್ಲಿ ಆ ಒಪ್ಪಂದದ ಹೆಸರು ಹೇಳಿದರೆ ಬರೀ ಚರಿತ್ರೆಯ ಪಾಠವಾಗುವುದಿಲ್ಲ. ಅದೇ ಕಾಗದದ ಮೇಲೆ ಬಾರಾಮಹಲ್ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ಕೃಷ್ಣಗಿರಿ, ಅದರ ಬೆಟ್ಟ, ಬೆಟ್ಟದ ಮೇಲಿನ ಕೋಟೆ, ಕೆಳಗಿನ ಹಳ್ಳಿಗಳು ಎಲ್ಲ ಹೋದವು. ನಮ್ಮ ಜಿಲ್ಲೆ ಇವತ್ತು ಯಾವ ರಾಜ್ಯದಲ್ಲಿದೆ ಎಂಬುದರ ಮೊದಲ ಗೆರೆ ಬಿದ್ದದ್ದು 1956ರಲ್ಲಲ್ಲ, ಅವತ್ತು. ಒಬ್ಬ ಅಪ್ಪ ಮಕ್ಕಳನ್ನು ಕಳುಹಿಸಿಕೊಟ್ಟದ್ದೂ ಕೃಷ್ಣಗಿರಿಯ ನೆಲ ಕೈಬಿಟ್ಟದ್ದೂ ಒಂದೇ ಒಪ್ಪಂದಕ್ಕಾಗಿ. ‘ಯಯಾತಿ’ಯಲ್ಲಿ ಮಗನಿಂದ ಕಿತ್ತುಕೊಳ್ಳುವ ಅಪ್ಪನನ್ನು ಬರೆದ ಕಾರ್ನಾಡರು ಇಲ್ಲಿ ಮಕ್ಕಳನ್ನು ಕಳೆದುಕೊಳ್ಳುವ ಅಪ್ಪನನ್ನು ಬರೆದರು. ನಡುವೆ ಮೂವತ್ತೈದಕ್ಕೂ ಹೆಚ್ಚು ವರ್ಷಗಳಿವೆ. ಆ ವರ್ಷಗಳಲ್ಲಿ ಅವರು ಎಷ್ಟೋ ಚಿತ್ರಗಳಲ್ಲಿ, ಧಾರಾವಾಹಿಗಳಲ್ಲಿ ಅಪ್ಪನ ಪಾತ್ರ ಮಾಡಿದ್ದರು. ಆ ಅಭ್ಯಾಸ ಬರವಣಿಗೆಗೆ ಏನೂ ಕೊಡಲಿಲ್ಲ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನಟನಾಗಿ ಅವರು ರೂಪುಗೊಂಡದ್ದರಲ್ಲಿ ಮದರಾಸಿಗೂ ಪಾಲಿದೆ. ಇದನ್ನು ತಮಿಳುನಾಡಿನ ಕನ್ನಡಿಗರಾದ ನಾವಾದರೂ ನೆನೆಯಬೇಕು. 1963ರಿಂದ 1970ರವರೆಗೆ ಅವರು ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಕೆಲಸದಲ್ಲಿದ್ದರು, ಬಿಡುವಿನಲ್ಲಿ ಮದ್ರಾಸ್ ಪ್ಲೇಯರ್ಸ್ ತಂಡದ ಜೊತೆ ನಾಟಕವಾಡುತ್ತಿದ್ದರು. ಆ ಊರಿನ ಗೆಳೆಯರ ಗುಂಪಿನಿಂದಲೇ ‘ಸಂಸ್ಕಾರ’ ಚಿತ್ರ ಹುಟ್ಟಿತು. ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಅನಂತಮೂರ್ತಿಯವರ ಕಾದಂಬರಿ, ಆಸ್ಟ್ರೇಲಿಯಾದ ಟಾಮ್ ಕೋವನ್ ಅವರ ಕ್ಯಾಮೆರಾ, ಪ್ರಾಣೇಶಾಚಾರ್ಯರಾಗಿ ಕಾರ್ನಾಡರು. ಮದರಾಸಿನ ಸೆನ್ಸಾರ್ ಮಂಡಳಿ ತಡೆದ ಆ ಚಿತ್ರ ಕೊನೆಗೆ ರಾಷ್ಟ್ರಪತಿಗಳ ಸ್ವರ್ಣಪದಕ ತಂದಿತು. ಆಮೇಲಿನ ‘ನಿಶಾಂತ್’, ‘ಮಂಥನ್’, ‘ಸ್ವಾಮಿ’ಗಳೆಲ್ಲ ಗೊತ್ತಿರುವ ಕಥೆ.

ನಾನು ನಿಲ್ಲಬೇಕಾದದ್ದು ಟಿವಿಯ ಎದುರು.

1980ರ ದಶಕದ ಕೊನೆಗೆ ನಮ್ಮೂರಿನಲ್ಲಿ ಟಿವಿ ಇದ್ದದ್ದು ಒಂದೆರಡು ಮನೆಗಳಲ್ಲಿ. ಹೆಂಚಿನ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ, ಅದರ ಮೂತಿ ವಾಯವ್ಯಕ್ಕೆ, ಬೆಂಗಳೂರಿನ ಕಡೆಗೆ. ಗಾಳಿಗೆ ತಿರುಗಿದರೆ ಒಬ್ಬ ಹುಡುಗ ಮಾಡು ಹತ್ತಿ ‘ಬಂತಾ? ಬಂತಾ?’ ಎಂದು ಕೂಗಬೇಕು. ಆ ಹುಡುಗ ಎಷ್ಟೋ ಸಲ ನಾನೇ. ಹಾಗೆ ತಿರುಗಿಸಿ ತಿರುಗಿಸಿ ಕಂಡದ್ದು ‘ಮಾಲ್ಗುಡಿ ಡೇಸ್’. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ಆ ಧಾರಾವಾಹಿಯಲ್ಲಿ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ, ಅಪ್ಪನಾಗಿ ಕಾರ್ನಾಡರು. ಭಾಷೆ ಹಿಂದಿ. ತಮಿಳುನಾಡಿನ ಸರ್ಕಾರಿ ಶಾಲೆಯಲ್ಲಿ ಓದಿದ ನಮಗೆ ಹಿಂದಿಯ ಒಂದಕ್ಷರವೂ ಬಾರದು. ಕನ್ನಡದ ಮುಖಗಳು, ಕನ್ನಡದ ಜಗಲಿ, ಮಾತು ಮಾತ್ರ ಅರ್ಥವಾಗದ್ದು. ಹಾಗಾಗಿ ನಾವು ಆ ಅಪ್ಪನನ್ನು ಕೇಳಲಿಲ್ಲ, ನೋಡಿದೆವು.

‘ಹೀರೋ’ ಎಂಬ ಕಂತನ್ನು ನೆನಪಿಸಿಕೊಳ್ಳಿ. ಅಪ್ಪ ಪತ್ರಿಕೆ ಓದುತ್ತಿದ್ದಾರೆ. ಹಳ್ಳಿಯ ಒಬ್ಬ ಹುಡುಗ ಹುಲಿಯ ಜೊತೆ ಹೋರಾಡಿದ ಸುದ್ದಿ. ಧೈರ್ಯವೊಂದಿದ್ದರೆ ಸಾಕು ಎಂದು ಅಪ್ಪನ ವಾದ, ಶಕ್ತಿಯೂ ಬೇಕಲ್ಲವೇ ಎಂದು ಮಗನ ಸಂದೇಹ. ಹಾಗಾದರೆ ಇವತ್ತು ರಾತ್ರಿ ನನ್ನ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ನೋಡೋಣ ಎಂದು ಅಪ್ಪ ಪಟ್ಟು ಹಿಡಿಯುತ್ತಾರೆ. ಅಜ್ಜಿಯ ಮಗ್ಗುಲಲ್ಲಿ ಮಲಗುವ ಹುಡುಗ ಬೆಂಚಿನ ಕೆಳಗೆ ನಡುಗುತ್ತಾ ಮಲಗಿ, ಕತ್ತಲಲ್ಲಿ ಕಂಡ ಕಾಲೊಂದನ್ನು ಕಚ್ಚುತ್ತಾನೆ. ಅದು ಕಳ್ಳನ ಕಾಲು! ಕಥೆ ಮಗನದು. ಆದರೆ ಅಪ್ಪನ ಕೈಯಲ್ಲಿ ಪತ್ರಿಕೆ ಇರದಿದ್ದರೆ ಕಥೆಯೇ ಇಲ್ಲ. ಪತ್ರಿಕೆ ಹಿಡಿದ ಅಪ್ಪ ಅಂದರೆ ಏನೆಂದು ನನ್ನ ವಯಸ್ಸಿನವರಿಗೆ ಗೊತ್ತು: ಎದುರು ಒಂದು ಗೋಡೆ, ಗೋಡೆಯ ಮೇಲ್ತುದಿಯಲ್ಲಿ ಎರಡು ಕಣ್ಣು. ಪತ್ರಿಕೆ ಕೆಳಗಿಳಿದರೆ ಏನೋ ಕಾದಿದೆ ಎಂದೇ ಅರ್ಥ. ಕಾರ್ನಾಡರ ಅಪ್ಪ ಕೂಗಾಡುವ ಅಪ್ಪನಲ್ಲ. ತಾನು ಹೇಳುವುದು ಮಗನ ಒಳ್ಳೆಯದಕ್ಕೇ ಎಂದು ಪೂರ್ತಿ ನಂಬಿದ ಅಪ್ಪ. ಆ ನಂಬಿಕೆಯೇ ಹುಡುಗನಿಗೆ ಹೆಚ್ಚು ಭಯ ಹುಟ್ಟಿಸುವುದು. ಯಯಾತಿಯನ್ನು ಬರೆದವರಿಗಲ್ಲದೆ ಇನ್ಯಾರಿಗೆ ಇದು ತಿಳಿದಿರಬೇಕು?

ಇನ್ನೊಂದು ಮಾತು, ಇದು ಆರ್. ಕೆ. ನಾರಾಯಣರ ಕಾದಂಬರಿಯದು. ಅಪ್ಪ ರಜೆಯಲ್ಲಿ ಸ್ವಾಮಿಗೆ ಲೆಕ್ಕ ಕೊಡುತ್ತಾರೆ. ರಾಮನ ಹತ್ತಿರ ಹತ್ತು ಮಾವಿನಹಣ್ಣು, ಅವುಗಳಿಂದ ಅವನಿಗೆ ಹದಿನೈದು ಆಣೆ ಬರಬೇಕು. ಕೃಷ್ಣನಿಗೆ ಬೇಕಾದದ್ದು ನಾಲ್ಕೇ ಹಣ್ಣು. ಅವನು ಎಷ್ಟು ಕೊಡಬೇಕು? ಸ್ವಾಮಿಗೆ ತಲೆ ಓಡುವುದಿಲ್ಲ. ಹಣ್ಣು ಮಾಗಿದ್ದವೋ ಇಲ್ಲವೋ ಎಂದು ತಿಳಿಯದೆ ಬೆಲೆ ಹೇಳುವುದು ಹೇಗೆ ಎಂದು ಕೇಳುತ್ತಾನೆ. ಕೊನೆಗೆ ಕಿವಿ ಹಿಂಡಿಸಿಕೊಳ್ಳುತ್ತಾನೆ.

ಇದನ್ನು ನಾನು ಪ್ರತಿವರ್ಷ ನನ್ನ ಕನ್ನಡ ತರಗತಿಯಲ್ಲಿ ಹೇಳುತ್ತೇನೆ. ಬೇರೆ ಊರಿನ ಮಕ್ಕಳು ನಗುವ ಜಾಗದಲ್ಲಿ ನಮ್ಮ ಮಕ್ಕಳು ನಗುವುದಿಲ್ಲ. ಕೃಷ್ಣಗಿರಿ ಸೀಮೆಯ ಮಕ್ಕಳಲ್ಲವೇ, ಅವರ ಅಪ್ಪಂದಿರು ಗಿಣಿಮೂತಿ ಮಾವನ್ನು ಟನ್ನುಗಟ್ಟಲೆ ಪಲ್ಪ್ ಫ್ಯಾಕ್ಟರಿಗೆ ಹಾಕುವವರು. ಕಾಯಿಗೆ ಒಂದು ದರ, ಹಣ್ಣಿಗೆ ಒಂದು ದರ, ಬಿದ್ದ ಕಾಯಿಗೆ ಇನ್ನೊಂದು. ಹೋದ ವರ್ಷ ಒಬ್ಬ ಹುಡುಗಿ ಎದ್ದು ನಿಂತು, ‘ಸ್ವಾಮಿ ಕೇಳಿದ್ದು ಸರಿಯಾಗಿದೆ ಸಾರ್, ಅವರಪ್ಪ ಮಂಡಿಗೆ ಹೋಗಿಲ್ಲ’ ಅಂದಳು. ಅವಳಿಗೆ ಆ ಕಂತುಗಳನ್ನು ತೋರಿಸಿದೆ. ‘ಇವರು ಒಳ್ಳೇ ಅಪ್ಪನೇ ಸಾರ್, ಆದ್ರೆ ಮಗ ಹೇಳೋದು ಇವರಿಗೆ ಕೇಳಿಸಲ್ಲ’ ಎಂದಳು. ಕಾರ್ನಾಡರ ಅಪ್ಪನ ಪಾತ್ರಗಳ ಬಗ್ಗೆ ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಓದಿಲ್ಲ.

‘ಮಾಲ್ಗುಡಿ’ಯ ಬೆನ್ನಿಗೆ, 1989ರಲ್ಲಿ, ದೂರದರ್ಶನದಲ್ಲಿ ‘ಇಂದ್ರಧನುಷ್’ ಬಂತು. ಆನಂದ್ ಮಹೇಂದ್ರೂ ನಿರ್ದೇಶಿಸಿದ ಮಕ್ಕಳ ವೈಜ್ಞಾನಿಕ ಕಥೆ. ಒಂದಷ್ಟು ಹುಡುಗರು ಮನೆಯಲ್ಲೇ ಕಂಪ್ಯೂಟರ್ ಜೋಡಿಸುತ್ತಾರೆ. ಅದರೊಳಗೆ ಆಂಡ್ರೊಮಿಡಾ ನಕ್ಷತ್ರಪುಂಜದಿಂದ ಬಂದವನೊಬ್ಬ ಸೇರಿಕೊಳ್ಳುತ್ತಾನೆ, ಅಲ್ಲಿಂದ ಕಾಲಯಾನ. ಮುಂದೆ ದೊಡ್ಡ ನಿರ್ದೇಶಕರಾದ ಕರಣ್ ಜೋಹರ್ ಅದರಲ್ಲಿ ಒಬ್ಬ ಹುಡುಗ. ಕಾರ್ನಾಡರು ಮತ್ತೆ ಅಪ್ಪ! ಕಂಪ್ಯೂಟರನ್ನು ಕಣ್ಣಿನಿಂದ ನೋಡಿರದ ನಾವು ಅದನ್ನು ಇನ್ನೊಂದು ಬಗೆಯ ರೇಡಿಯೊ ಎಂದೇ ತಿಳಿದಿದ್ದೆವು, ಒಳಗಿನಿಂದ ಯಾರೋ ಮಾತಾಡುತ್ತಾರಲ್ಲ. ಆ ಧಾರಾವಾಹಿಗೆ ಇವತ್ತಿಗೂ ಕಲ್ಟ್ ಅಭಿಮಾನಿಗಳಿದ್ದಾರೆ. ಅವತ್ತಿನ ಮಕ್ಕಳು ಈಗ ಐವತ್ತರ ಹತ್ತಿರ ಬಂದಿದ್ದಾರೆ, ಹೆಸರು ಹೇಳಿದರೆ ಅವರ ಮುಖ ಅರಳುತ್ತದೆ.

ವೈಜ್ಞಾನಿಕ ಕಥೆಯಲ್ಲಿ ಅಪ್ಪನಿಗೆ ಏನು ಕೆಲಸ ಎಂದು ಕೇಳಬಹುದು. ದೊಡ್ಡ ಕೆಲಸವೇ ಇದೆ. ನಕ್ಷತ್ರದಿಂದ ಬಂದವನನ್ನು ನಂಬಬೇಕಾದರೆ ಪಕ್ಕದಲ್ಲಿ ಪೂರ್ತಿ ನಂಬಬಹುದಾದ ಒಬ್ಬ ಮನುಷ್ಯ ಬೇಕು. ಕಾಫಿ ಕುಡಿಯುವ, ಊಟಕ್ಕೆ ಕರೆಯುವ, ಪರೀಕ್ಷೆ ಹತ್ತಿರ ಬಂತು ಎನ್ನುವ ಮನುಷ್ಯ. ಅವನು ಕೃತಕವಾಗಿ ಕಂಡರೆ ಇಡೀ ಯಂತ್ರ ರಟ್ಟಿನ ಡಬ್ಬಿಯಾಗಿ ಕಾಣುತ್ತದೆ. ನಮ್ಮ ಯಕ್ಷಗಾನ ಬಯಲಾಟಗಳಲ್ಲಿ ರಾಕ್ಷಸ ಬರುವ ಮೊದಲು ಒಬ್ಬ ಸಾಧಾರಣ ಹಳ್ಳಿಗ ಬಂದು ಹೆದರಬೇಕಲ್ಲ, ಹಾಗೆ. ಕಾಲಯಂತ್ರಕ್ಕೆ ತೂಕ ಬರುವುದು ಆ ಮನೆಯ ಅಪ್ಪನಿಂದ.

ವಿಜ್ಞಾನದ ಜೊತೆ ಅವರ ನಂಟು ಕಥೆಯಲ್ಲೇ ಮುಗಿಯಲಿಲ್ಲ. 1958ರಲ್ಲಿ ಧಾರವಾಡದಲ್ಲಿ ಗಣಿತ, ಸಂಖ್ಯಾಶಾಸ್ತ್ರಗಳಲ್ಲಿ ಪದವಿ ಪಡೆದವರು ಅವರು. 1990ರ ದಶಕದ ಮೊದಲಲ್ಲಿ ದೂರದರ್ಶನದ ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನ ಕಾರ್ಯಕ್ರಮವನ್ನು ನಡೆಸಿಕೊಟ್ಟರು. ವಿಜ್ಞಾನಿ ಯಶ್ ಪಾಲ್ ಅದೇ ಕಾರ್ಯಕ್ರಮದಲ್ಲಿ ನೋಡುಗರ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು. ಅಬ್ದುಲ್ ಕಲಾಂ ಅವರ ಆತ್ಮಕಥೆಯ ಧ್ವನಿಮುದ್ರಿಕೆಗೆ ದನಿ ಕೊಟ್ಟವರೂ ಕಾರ್ನಾಡರೇ. ಟಿವಿಯ ಪರದೆಯೇ ಒಂದು ಪಾತ್ರವಾಗುವ ನಾಟಕವನ್ನೂ ಬರೆದರು. ‘ಒಡಕಲು ಬಿಂಬ’ದಲ್ಲಿ ಸ್ಟುಡಿಯೊದಲ್ಲಿ ಭಾಷಣ ಮುಗಿಸಿದ ಲೇಖಕಿಯನ್ನು ಪರದೆಯ ಮೇಲಿನ ಅವಳದೇ ಬಿಂಬ ತಡೆದು ನಿಲ್ಲಿಸಿ ಪ್ರಶ್ನಿಸುತ್ತದೆ. 2005ರಲ್ಲಿ ರಂಗಶಂಕರದಲ್ಲಿ ಅರುಂಧತಿ ನಾಗ್ ಅದನ್ನು ಒಬ್ಬರೇ ನಿಭಾಯಿಸಿದರು. ಕ್ಯಾಮೆರಾದ ಎದುರು ಅಷ್ಟು ವರ್ಷ ನಿಂತವರಿಗೆ ಮಾತ್ರ ಹೊಳೆಯುವ ನಾಟಕ ಅದು.

ತಮಿಳು ಚಿತ್ರಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ನೀವೆಲ್ಲ ನೋಡಿದವರೇ. 1986ರ ‘ನಾನ್ ಅಡಿಮೈ ಇಲ್ಲೈ’ಯಲ್ಲಿ ರಜನಿಕಾಂತರ ಎದುರು ಶ್ರೀದೇವಿಯ ಅಪ್ಪ. ‘ಮಿನ್ಸಾರ ಕನವು’ವಿನಲ್ಲಿ ಕಾಜೋಲಳ ಅಪ್ಪ. ‘ಹೇ ರಾಮ್’ನಲ್ಲಿ ಮೈಥಿಲಿಯ ಅಪ್ಪ. 1994ರ ‘ಕಾದಲನ್’ನಲ್ಲಿ ಮಗಳನ್ನು ಕಾವಲಲ್ಲಿಟ್ಟ ರಾಜ್ಯಪಾಲ, ಒಳಗೊಳಗೇ ಕೇಡಿಗ. ಅದರ ನಾಯಕ ಪ್ರಭುದೇವ ಕನ್ನಡಿಗ ಮೂಗೂರು ಸುಂದರ್ ಅವರ ಮಗ. ಮದರಾಸಿನ ಕಥೆಯಲ್ಲಿ ಮೂಗೂರಿನ ಹುಡುಗನಿಗೂ ಧಾರವಾಡದ ಅಪ್ಪನಿಗೂ ಜಗಳ. ಹೊಸೂರಿನ ಥಿಯೇಟರಿನಲ್ಲಿ ಕೂತ ನಮಗೆ ಅದು ನಮ್ಮ ಮನೆ ಜಗಳದಂತೆ ಕಂಡಿತ್ತು. ಕನ್ನಡದಲ್ಲಿ ಇದೇ ಹೊತ್ತಿಗೆ ಅವರಿಗೆ ಒಳ್ಳೆಯ ಗುರುವಿನ ಪಾತ್ರಗಳು ಸಿಕ್ಕವು. ‘ಸಂತ ಶಿಶುನಾಳ ಶರೀಫ’ದ ಗೋವಿಂದಭಟ್ಟರನ್ನು ಮರೆಯುವುದುಂಟೇ? ಮುಸಲ್ಮಾನ ಹುಡುಗನನ್ನು ಮಗನೆಂದು ತೊಡೆಯ ಮೇಲೆ ಕೂರಿಸಿಕೊಂಡ ಆ ಗುರು, ನನ್ನ ಮಟ್ಟಿಗೆ, ಕಾರ್ನಾಡರು ಮಾಡಿದ ಅತಿ ದೊಡ್ಡ ಅಪ್ಪನ ಪಾತ್ರ.

ಇನ್ನು ಉಳಿದದ್ದು ಒಂದೇ ಚಿತ್ರ, ಅದು ನಮ್ಮ ಊರಿಗೆ ಸೇರಿದ್ದು. ಕಥೆಯಲ್ಲಿ ಹೊಸೂರು ಇಲ್ಲ, ಆದರೂ ಸೇರಿದ್ದು.

2016ರ ಮೇ 6ರಂದು ‘24’ ಬಿಡುಗಡೆಯಾಯಿತು. ವಿಕ್ರಮ್ ಕುಮಾರ್ ನಿರ್ದೇಶನ, ಸೂರ್ಯ ಅವರಿಗೆ ಮೂರು ಪಾತ್ರ. ಸೇತುರಾಮನ್ ಎಂಬ ವಿಜ್ಞಾನಿ ಕಾಲವನ್ನು ಹಿಂದಕ್ಕೆ ತಿರುಗಿಸುವ ಕೈಗಡಿಯಾರ ಮಾಡುತ್ತಾನೆ. ಅವನ ಮಗ, ಬೆಳೆದು ದೊಡ್ಡವನಾದ ಮಣಿ, ವಾಚ್ ರಿಪೇರಿ ಮಾಡುವವನು. ಆ ಗಡಿಯಾರ ಒಂದು ದಿನದಷ್ಟು ಹಿಂದಕ್ಕೆ ಹೋಗಬಲ್ಲದು. ಗಡಿಯಾರದ ಕಥೆಯನ್ನು ಹೊಸೂರಿನಲ್ಲಿ ನೋಡುವುದು ಬೇರೆಯೇ ಅನುಭವ. ಟಾಟಾ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೊ ಸೇರಿ ಕಟ್ಟಿದ ಟೈಟಾನ್ ಕಂಪನಿಯ ಕಾರ್ಖಾನೆ ಇಲ್ಲಿ ಬಂದಾಗಿನಿಂದ ಈ ಊರಿನ ಎಷ್ಟು ಮನೆಗಳ ಕೈಗಳು ಆ ಸಣ್ಣ ಹಲ್ಲುಚಕ್ರಗಳನ್ನು ಜೋಡಿಸಿ ಸಂಸಾರ ನಡೆಸಿವೆ! ಥಿಯೇಟರಿನಲ್ಲಿ ನನ್ನ ಪಕ್ಕ ಕೂತವರು ಹಾಗೆ ಇಪ್ಪತ್ತು ವರ್ಷ ಜೋಡಿಸಿದವರು. ಪರದೆಯ ಮೇಲೆ ಗಡಿಯಾರದ ಒಳಭಾಗ ದೊಡ್ಡದಾಗಿ ತೆರೆದುಕೊಂಡಾಗ ಅವರು ಕುರ್ಚಿಯ ತುದಿಗೆ ಬಂದರು.

ಆ ಕಥೆಯ ಕೇಡಿಗ ಆತ್ರೇಯ. ಅವನು ಇಪ್ಪತ್ತಾರು ವರ್ಷ ಪ್ರಜ್ಞೆ ಇಲ್ಲದೆ ಮಲಗಿ ಎದ್ದಾಗ ಯೌವನ ಹೋಗಿದೆ, ಗಾಲಿಕುರ್ಚಿ ಉಳಿದಿದೆ. ಕಳೆದ ಇಪ್ಪತ್ತಾರು ವರ್ಷ ಮರಳಿ ಬೇಕು, ಅದಕ್ಕೆ ಆ ಗಡಿಯಾರ ಬೇಕು. ಆ ಗಡಿಯಾರ ಇರುವುದು ತಮ್ಮನ ಮಗನ ಕೈಯಲ್ಲಿ. ನಾನು ಕತ್ತಲಲ್ಲೇ ಸೆಟೆದು ಕೂತೆ. ಇದು ಯಯಾತಿಯಲ್ಲವೇ? ಮುಂದಿನ ತಲೆಮಾರಿನ ಕೈಯಿಂದ ತನ್ನ ಹರೆಯವನ್ನು ಕಿತ್ತುಕೊಳ್ಳಲು ಬಂದ ಹಿರಿಯ. ಅದೇ ಚಿತ್ರದಲ್ಲಿ, ನಾಯಕಿಯ ತುಂಬು ಮನೆಯಲ್ಲಿ ಹಿರಿಯರಾಗಿ, ಅಜ್ಜನಾಗಿ, ಐವತ್ತೈದು ವರ್ಷಗಳ ಹಿಂದೆ ‘ಯಯಾತಿ’ ಬರೆದವರೇ ಇದ್ದಾರೆ. ಯಾರ ಹರೆಯವನ್ನೂ ಕೇಳದೆ, ಮೊಮ್ಮಗಳ ಸಂಭ್ರಮ ನೋಡುವ ಅಜ್ಜ. ಎಪ್ಪತ್ತೆಂಟರ ಹತ್ತಿರ ಬಂದಿದ್ದ ಕಾರ್ನಾಡರಿಗೆ ಈ ಹೋಲಿಕೆ ಹೊಳೆಯದೆ ಇದ್ದಿರಲಾರದು ಎಂದು ನಾನು ನಂಬಿದ್ದೇನೆ.

ಮೂರು ವರ್ಷದ ಮೇಲೆ, 2019ರ ಜೂನ್ 10ರಂದು, ಅವರು ತೀರಿಕೊಂಡರು. ಅವರ ಇಚ್ಛೆಯಂತೆ ಸರ್ಕಾರಿ ಗೌರವ, ವಿಧಿವಿಧಾನ ಯಾವುದೂ ಇಲ್ಲದೆ ಬೆಂಗಳೂರಿನಲ್ಲಿ ಅಂತ್ಯಕ್ರಿಯೆ ನಡೆಯಿತು. ಅದಕ್ಕೆ ಮೊದಲೇ ಉಸಿರಾಟದ ತೊಂದರೆಯಿಂದ ಮೂಗಿಗೆ ನಳಿಗೆ ಹಾಕಿಕೊಂಡೇ ಸಭೆಗಳಿಗೆ ಬರುತ್ತಿದ್ದರು. ಮಾತು ನಿಲ್ಲಿಸಿರಲಿಲ್ಲ.

‘24’ರ ಆ ಮೇ ತಿಂಗಳ ಆಟದಲ್ಲಿ, ಅಜ್ಜನ ಮುಖ ಪರದೆಗೆ ಬಂದ ಕೂಡಲೇ, ನನ್ನ ಪಕ್ಕದ ಗಡಿಯಾರದ ಕೆಲಸಗಾರರು ನನ್ನ ಮೊಣಕೈ ತಟ್ಟಿದರು. ಅಲ್ಲಿಯವರೆಗೆ ಅವರು ತಮಿಳಿನಲ್ಲೇ ಮಾತಾಡಿದ್ದರು. ಆಗ ಮೊದಲ ಸಲ ಕನ್ನಡದಲ್ಲಿ ಕೇಳಿದರು: ‘ಇವರು ನಮ್ಮ ಸ್ವಾಮಿ ಅಪ್ಪ ಅಲ್ವಾ ಸಾರ್?’

ಹೌದು ಅಂದೆ.